ಓದುಮನೆಯ ಎರಡು ಡಿಸ್ಕುಗಳು

"ನಿಮ್ಮ ಅತ್ತೆಯವರು ಮನೇಲಿದ್ದಾರಾ?" ಎಂದು ಸೌಂಡಣ್ಣ ಅಂಗಡಿಯ ಬಾಗಿಲಲ್ಲೇ ನಿಂತು ಕೇಳಿದಾಗ ಅಳಿಯನಿಗೆ ಸ್ವಲ್ಪ ಪಿಚ್ಚೆನಿಸಿತು. ಕಂಪ್ಯೂಟರ್ ರಿಪೇರಿ ಮಾಡುವವನು ತಾನು. ಕೆಟ್ಟ ಹಾರ್ಡ್ ಡಿಸ್ಕ್ ಹಿಡಿದು ಬಂದವನು ಹುಡುಕುತ್ತಿರುವುದು ಮಹಡಿಯ ಮೇಲಿನ ಅತ್ತೆಯನ್ನು!

ಆ ಬೀದಿಯಲ್ಲಿ ಅದೇನೂ ಹೊಸದಲ್ಲ. ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷೆ ಮಾಡಿ ನಿವೃತ್ತರಾದ ಅತ್ತೆ, ಮಗಳ ಮನೆಗೆ ಬಂದು ನೆಲೆಸಿದ ಮೇಲೆ, ಕಳೆದ ಬೀಗದ ಕೈಯಿಂದ ಹಿಡಿದು ಕಳ್ಳ ಸಹಿಯವರೆಗೆ ಎಷ್ಟೋ ಗಂಟು ಬಿಡಿಸಿದ್ದರು. ಅಳಿಯ ಅವರ ಚೀಲ ಹೊತ್ತು ಹಿಂದೆ ಹಿಂದೆ ಹೋಗುವವನು. ಹೆಂಡತಿ ಅವನನ್ನು 'ಅಮ್ಮನ ಬಾಲ' ಎಂದು ಆಡಿಕೊಳ್ಳುತ್ತಿದ್ದಳು. ಅವನಿಗೆ ಅದರ ಬಗ್ಗೆ ಬೇಜಾರೇನೂ ಇರಲಿಲ್ಲ.

ಸೌಂಡಣ್ಣ ಓದುಮನೆಯಲ್ಲಿ ಧ್ವನಿ ಮುದ್ರಿಸುವವನು. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿಸಿ ಕೂಡಿಡುವ ಮನೆ ಅದು. ಅತ್ತೆ ಕೆಳಗಿಳಿದು ಬಂದದ್ದೇ ತಡ, ಅವನು ಡಿಸ್ಕನ್ನು ಅವರ ಮುಂದೆ ಚಾಚಿದ.

"ನನ್ನ ಮಾನ ಹೋಯ್ತಮ್ಮ. ಹಳೇ ಡಿಸ್ಕ್ ನಿನ್ನೆ ಊಟದ ಹೊತ್ತಲ್ಲಿ ಸತ್ತುಹೋಯ್ತು. ಮಕ್ಕಳ ಕತೆಗಳೆಲ್ಲ ಅದರಲ್ಲೇ ಇದ್ದವು. ಅಗ್ಗದ ಮಾಲು ತಂದು ಮನೆ ಮುಳುಗಿಸಿದೆ ಅಂತ ಸಂಚಾಲಕಿ ಎಲ್ಲರೆದುರು ಅಂದುಬಿಟ್ಟರು. ನಾಳೆಯಿಂದ ಬರಬೇಡ ಅಂದಿದ್ದಾರೆ."

ಅಳಿಯ ಡಿಸ್ಕಿಗೆ ವಿದ್ಯುತ್ ಕೊಟ್ಟ. ಟಕ್... ಟಕ್... ಟಕ್. ಅತ್ತೆ ಕಣ್ಣು ಮುಚ್ಚಿ ಕಿವಿಗೊಟ್ಟರು.

"ಇದೇನು ಹೇಳ್ತಿದೆ?"

"ಒಳಗಿನ ತಟ್ಟೆ ಮೇಲೆ ಓದೋ ಮುಳ್ಳಿರುತ್ತಲ್ಲ ಅತ್ತೆ, ಅದು ದಾರಿ ಸಿಗದೆ ಮತ್ತೆ ಮತ್ತೆ ವಾಪಸ್ ಹೋಗಿ ಬಡ್ಕೊಳ್ತಿದೆ. ಬರೀ ಗುಂಯ್ ಅಂದಿದ್ರೆ ಭಯ ಇರ್ಲಿಲ್ಲ. ಅದು ತಿರುಗೋವಾಗಿನ ನಡುಕ ಅಷ್ಟೆ, ಕೆಳಗೆ ಟೊಳ್ಳು ಮರ ಇದ್ರೆ ಜೋರಾಗಿ ಕೇಳುತ್ತೆ. ಮೊನ್ನೆ ಇವರ ಹೊಸ ಡಿಸ್ಕ್ ಹಾಗೇ ಗುಂಯ್‌ಗುಡ್ತಿತ್ತು. ಅದರ ಕೆಳಗೆ ಸ್ಪಂಜು ಇಡಿ, ಸರಿಹೋಗುತ್ತೆ ಅಂದಿದ್ದೆ."

"ಅಗ್ಗದ್ದಕ್ಕೆ ಹೀಗಾಯ್ತಾ?"

"ಅಗ್ಗ ಅಂದಮಾತ್ರಕ್ಕೆ ಕೆಟ್ಟದ್ದಲ್ಲ. ನಿಧಾನವಾಗಿ ತಿರುಗುತ್ತೆ, ವಾರಂಟಿ ಕಮ್ಮಿ. ಕಳಪೆ ಮಾಲಾಗಿದ್ರೆ ತಂದ ಹೊಸದರಲ್ಲೇ ಕೈಕೊಡುತ್ತೆ. ಮುದಿಯಾದ್ರೆ ಮೊದಲು ತಡವರಿಸುತ್ತೆ, ಕಡತ ತೆರೆಯೋಕೆ ಒದ್ದಾಡುತ್ತೆ. ಇದು ನಿನ್ನೆ ಬೆಳಿಗ್ಗೆವರೆಗೂ ಕಲ್ಲುಗುಂಡಿನ ಹಾಗಿತ್ತಂತೆ." ಅವನು ಪೆಟ್ಟಿಗೆಯ ಮೂಲೆ ತೋರಿಸಿದ. ಅಲ್ಲಿ ನೆಗ್ಗಿತ್ತು. ನೆಗ್ಗಿದ ಕಡೆ ಮರಕ್ಕೆ ಬಳಿಯುವ ಕಂದು ಬಣ್ಣ ಮೆತ್ತಿತ್ತು. "ಓಡ್ತಿರುವಾಗಲೇ ಯಾರೋ ಇದನ್ನ ಮರಕ್ಕೆ ಕುಟ್ಟಿದ್ದಾರೆ."

ಅತ್ತೆ ಚಪ್ಪಲಿ ಮೆಟ್ಟಿದರು.

ಓದುಮನೆಯ ಮುದ್ರಣದ ಕೋಣೆ ಕಿರಿದಾಗಿತ್ತು. ಗೋಡೆಗೆಲ್ಲ ದಪ್ಪ ಬಟ್ಟೆ. ಮೇಜಿನ ಮೇಲಿನ ಮರದ ಗೂಡಿನಲ್ಲಿ ಎರಡು ಡಿಸ್ಕುಗಳಿಗೆ ಜಾಗ. ಎರಡೂ ಕಪ್ಪು, ಒಂದೇ ಅಳತೆ. ಹಳೆಯದಕ್ಕೆ 'ಮಕ್ಕಳ ಕತೆ' ಎಂದೂ ಹೊಸದಕ್ಕೆ 'ಕಾದಂಬರಿ' ಎಂದೂ ಚೀಟಿ ಅಂಟಿಸಿತ್ತು. ಚೀಟಿಯ ಪಕ್ಕದಲ್ಲೇ ಬೆರಳಿಗೆ ಸಿಗುವ ಬ್ರೈಲಿನ ಉಬ್ಬು ಚುಕ್ಕಿಗಳು. ಹೊಸದರ ಅಡಿಗೆ ಸ್ಪಂಜಿತ್ತು. ಅದು ಸದ್ದಿಲ್ಲದೆ ತಿರುಗುತ್ತಿತ್ತು.

"ಸ್ಪಂಜು ಯಾವಾಗ ಇಟ್ರಿ?" ಎಂದರು ಅತ್ತೆ.

"ನಿನ್ನೆ ಬೆಳಿಗ್ಗೆ. ಇದ್ದದ್ದೇ ಒಂದು ತುಂಡು, ಹಳೇದರ ಅಡಿಗಿತ್ತು. ತೆಗೆದು ಹೊಸದಕ್ಕೆ ಕೊಟ್ಟೆ. ಆಮೇಲೆ ಹಳೇದು ಗುಂಯ್ ಅನ್ನೋಕೆ ಶುರುಮಾಡ್ತು. ಇನ್ನೊಂದು ತುಂಡು ತರೋಣ ಅಂತಿದ್ದೆ."

"ಯಾರಿಗಾದರೂ ಹೇಳಿದ್ರಾ?"

"ಇಲ್ಲಮ್ಮ, ಏನು ಮಹಾ ವಿಷಯ ಅಂತ..."

ಹಿಂದಿನ ದಿನ ಊಟದ ಹೊತ್ತಿನಲ್ಲಿ ಸಂಚಾಲಕಿ ಹೊರಗೆ ಹೋಗಿದ್ದರು. ಒಳಗಿದ್ದವರು ಮೂವರೇ: ಸೌಂಡಣ್ಣ, ಮೇಷ್ಟ್ರು, ಓದಕ್ಕ. ಮೇಷ್ಟ್ರಿಗೆ ಕಣ್ಣಿಲ್ಲ. ಮುದ್ರಣವಾದದ್ದನ್ನೆಲ್ಲ ಕೇಳಿ, ಎಲ್ಲಿ ಕೆಮ್ಮು ಬಿತ್ತು, ಎಲ್ಲಿ ಉಸಿರು ಹೆಚ್ಚಾಯಿತು ಎಂದು ಹೇಳುವವರು. ಓದಕ್ಕ ಆ ಮನೆಯ ಮುಖ್ಯ ಓದುಗಾರ್ತಿ. ಅವರ ಕಾದಂಬರಿ ಓದಿಗೆ ಊರೂರುಗಳಿಂದ ಫೋನು ಬರುತ್ತಿದ್ದವು. ಈಗ ಓದಿ ಮುಗಿಸಿದ್ದ ದೊಡ್ಡ ಕಾದಂಬರಿಯನ್ನು ಕೇಳಲು ಅದನ್ನು ಬರೆದ ಲೇಖಕಿಯೇ ಮುಂದಿನ ವಾರ ಬರುವವರಿದ್ದರು.

ಅಳಿಯ ಕೆಟ್ಟ ಡಿಸ್ಕನ್ನು ಓದಕ್ಕನ ಮುಂದೆ ಹಿಡಿದ. "ಈ ಚೀಟಿಯಲ್ಲಿರೋದು ನಿಮ್ಮ ಅಕ್ಷರಾನಾ?"

ಓದಕ್ಕ ಎದೆಯ ಮೇಲೆ ತೂಗುತ್ತಿದ್ದ ಕನ್ನಡಕವನ್ನು ಬೆರಳಲ್ಲಿ ತಿರುಗಿಸಿದರು. "ಯಾರದ್ದಾದರೇನಪ್ಪಾ. ಅದನ್ನ ನೋಡೋಕೇ ಸಂಕಟ ಆಗ್ತಿದೆ. ಆಚೆ ಇಡು."

ಅತ್ತೆ ಎಲ್ಲರನ್ನೂ ಆ ಕೋಣೆಗೇ ಕರೆಸಿ ಕೂರಿಸಿದರು. ಸಂಚಾಲಕಿ ಮುಖ ಊದಿಸಿಕೊಂಡೇ ಬಂದರು.

"ಮೊದಲು ಡಿಸ್ಕಿನ ಮಾತು," ಎಂದರು ಅತ್ತೆ. "ಅದು ಅಗ್ಗದ್ದು ನಿಜ, ಆದರೆ ತಾನಾಗಿ ಸತ್ತದ್ದಲ್ಲ. ಯಾರೋ ಕುಟ್ಟಿ ಕೊಂದಿದ್ದಾರೆ. ಸೌಂಡಣ್ಣನ ಆಯ್ಕೆಯಲ್ಲಿ ತಪ್ಪಿಲ್ಲ. ಅಂದಹಾಗೆ ಅಮ್ಮ, ಇದರ ಇನ್ನೊಂದು ಪ್ರತಿ ಎಲ್ಲಿದೆ?"

ಸಂಚಾಲಕಿ ತಲೆ ತಗ್ಗಿಸಿದರು. "ಇಲ್ಲ. ಮಾಡಿಸೋಣ ಅಂತ ಇವನು ಕೇಳ್ತಾನೇ ಇದ್ದ. ನಾನೇ ಆಮೇಲೆ ನೋಡೋಣ ಅಂದೆ."

"ಸರಿ. ಈಗ, ಮಕ್ಕಳ ಕತೆ ನಾಶವಾದರೆ ಯಾರಿಗೆ ಲಾಭ? ಯಾರಿಗೂ ಇಲ್ಲ. ಹಾಗಾದ್ರೆ ಕುಟ್ಟಿದವರ ಗುರಿ ಪಕ್ಕದ ಡಿಸ್ಕು. ಇಷ್ಟು ದಿನ ಗುಂಯ್ ಅಂತಿದ್ದದ್ದು ಅದು. ನಿನ್ನೆ ಬೆಳಿಗ್ಗೆ ಸ್ಪಂಜು ಜಾಗ ಬದಲಾಯಿಸ್ತು, ಸದ್ದೂ ಬದಲಾಯ್ತು. ಚೀಟಿ ನೋಡದೆ ಸದ್ದು ಕೇಳಿಯೇ ಡಿಸ್ಕನ್ನು ಆರಿಸಿದವರು ಮೋಸಹೋದ್ರು."

ಅಳಿಯನ ತಲೆಯಲ್ಲಿ ದೀಪ ಹೊತ್ತಿದಂತಾಯಿತು. ತಡೆಯಲಾರದೆ ಬಾಯಿ ಹಾಕಿದ. "ಅಂದ್ರೆ ಕಣ್ಣು ಕಾಣದವರು! ಮೇಷ್ಟ್ರೇ, ನೀವು ಯಾಕೆ..."

ಮೇಷ್ಟ್ರು ನಿಧಾನವಾಗಿ ಅವನ ಕಡೆ ಮುಖ ತಿರುಗಿಸಿದರು.

"ಆ ಕತೆಗಳಲ್ಲಿ ಅರ್ಧ ಓದಿದವಳು ನನ್ನ ಹೆಂಡತಿ," ಎಂದರು. "ಅವಳು ಹೋದ ಮೇಲೆ ಅವಳ ದನಿ ಅಂತ ಉಳಿದಿದ್ದು ಅದೊಂದರಲ್ಲೇ."

ಭೂಮಿ ಬಾಯಿಬಿಟ್ಟರೆ ಇಳಿದುಬಿಡುತ್ತಿದ್ದೆ ಎನಿಸಿತು ಅಳಿಯನಿಗೆ. ಅತ್ತೆ ಅವನತ್ತ ನೋಡಲೂ ಇಲ್ಲ. ಅದು ಇನ್ನೂ ಕಷ್ಟವಾಯಿತು.

"ಡಿಸ್ಕುಗಳ ಮೇಲಿನ ಉಬ್ಬು ಚುಕ್ಕಿ ಅಂಟಿಸಿದ್ದು ಯಾರು ಮೇಷ್ಟ್ರೇ?" ಅತ್ತೆ ಮೆತ್ತಗೆ ಕೇಳಿದರು.

"ನಾನೇ."

"ಇವರ ಬೆರಳಿಗೆ ಯಾವುದು ಯಾವುದು ಅಂತ ತಕ್ಷಣ ಗೊತ್ತಾಗುತ್ತೆ. ಸೌಂಡಣ್ಣನಿಗೆ ಕಣ್ಣಿದೆ, ಸ್ಪಂಜು ಇಟ್ಟವನೂ ಅವನೇ. ಉಳಿದವರು, ಚೀಟಿ ಓದೋಕೂ ಆಗದ, ಚುಕ್ಕಿ ಓದೋಕೂ ಬರದ ಒಬ್ಬರು. ಕಣ್ಣು ಮಂಜಾಗ್ತಿರೋದನ್ನ ಯಾರಿಗೂ ಹೇಳದವರು. ಇವತ್ತು ಚೀಟಿ ಮುಂದೆ ಹಿಡಿದ್ರೂ ಕೊರಳಲ್ಲಿರೋ ಕನ್ನಡಕ ಹಾಕ್ಕೊಳ್ಳಲಿಲ್ಲ. ಹಾಕಿದ್ರೂ ಉಪಯೋಗ ಇಲ್ಲ ಅಂತ ಅವರಿಗೆ ಗೊತ್ತು."

ಓದಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಒಂದು ವರ್ಷದಿಂದ ಸಾಲುಗಳು ಕಲಸಿಹೋಗ್ತಿವೆ," ಎಂದರು ಸೆರಗು ಬಿಟ್ಟು. "ಮನೇಲಿ ಸೊಸೆ ಕೈಲಿ ಒಮ್ಮೆ ಓದಿಸಿಕೊಂಡು ಬರ್ತಿದ್ದೆ. ಇಲ್ಲಿ ಪುಸ್ತಕ ಮುಂದಿಟ್ಟುಕೊಂಡು ನೆನಪಿಂದ ಹೇಳ್ತಿದ್ದೆ. ನೆನಪಾಗದ ಕಡೆ ನಾನೇ ಕಟ್ಟಿ ಸೇರಿಸ್ತಿದ್ದೆ. ಈಗ ಬರೆದವರೇ ಬಂದು ಕೇಳ್ತಾರಂತೆ. ನಿಜ ಹೇಳಿದ್ರೆ ಓದೋದು ನಿಲ್ಲಿಸ್ತಾರೆ. ಹೇಳದಿದ್ರೆ ಸಿಕ್ಕಿಬೀಳ್ತೀನಿ. ಗುಂಯ್ ಅಂತಿದ್ದದ್ದು ನನ್ನದು ಅಂದ್ಕೊಂಡು ಎತ್ತಿ ಮೇಜಿಗೆ ಕುಟ್ಟಿದೆ." ಅವರು ಸೌಂಡಣ್ಣನ ಕಡೆ ತಿರುಗಿದರು. "ನಿನ್ನನ್ನ ಬೈಯುವಾಗ ಅಲ್ಲೇ ಇದ್ದೆ ಕಣಪ್ಪಾ. ಬಾಯಿ ಬಿಡಲಿಲ್ಲ." ಮೇಷ್ಟ್ರ ಕಡೆ ತಿರುಗಲು ಅವರಿಂದ ಆಗಲಿಲ್ಲ.

ಸಂಚಾಲಕಿ ಸೌಂಡಣ್ಣನ ಕೈ ಹಿಡಿದು ಕ್ಷಮೆ ಕೇಳಿದರು. ಮನೆಗೆ ಮರಳುವ ದಾರಿಯಲ್ಲಿ ಅತ್ತೆ ಒಂದೇ ಮಾತು ಅಂದರು: "ನಾನು ಮುಗಿಸೋ ತನಕ ಕಾಯಬಹುದಿತ್ತು." ಅಳಿಯ ಅಲ್ಲಿಂದಲೇ ಹಿಂದಿರುಗಿ ಮೇಷ್ಟ್ರ ಮನೆ ಬಾಗಿಲು ತಟ್ಟಿದ. ಕ್ಷಮಿಸಿ ಎನ್ನುವಷ್ಟರಲ್ಲಿ ಅವರು, "ಕಣ್ಣಿಲ್ಲದವನ ಮೇಲೆ ಅನುಮಾನ ಬೇಗ ಬರುತ್ತೆ ಬಿಡಪ್ಪಾ, ಅಭ್ಯಾಸ ಆಗಿದೆ," ಎಂದರು. ಬೈದಿದ್ದರೆ ಚೆನ್ನಾಗಿತ್ತು ಎಂದುಕೊಂಡ.

ಡಿಸ್ಕನ್ನು ಅವನು ತನ್ನ ಕೈಯಲ್ಲಿ ಬಿಚ್ಚಲಿಲ್ಲ. ಒಂದು ಧೂಳಿನ ಕಣ ಸಾಕು, ಉಳಿದದ್ದೂ ಹೋಗುತ್ತದೆ. ಧೂಳಿಲ್ಲದ ಕೋಣೆಯಿರುವ ಪ್ರಯೋಗಾಲಯಕ್ಕೆ ಕಳಿಸಿದ. ಈ ನಡುವೆ ಲೇಖಕಿ ಬಂದು ಹೋದರು. ಓದಕ್ಕ ಅವರ ಪಕ್ಕದಲ್ಲೇ ಕೂತು, ತಾವು ಕಟ್ಟಿದ ಪ್ರತಿಯೊಂದು ಜಾಗದಲ್ಲೂ ಮುದ್ರಣ ನಿಲ್ಲಿಸಿ, "ಇದು ನಿಮ್ಮದಲ್ಲ, ನನ್ನದು," ಎಂದು ತೋರಿಸಿದರಂತೆ.

ಪ್ರಯೋಗಾಲಯದಿಂದ ಕೆಲವೇ ಕತೆಗಳು ವಾಪಸ್ ಬಂದವು. ಅಳಿಯ ಅವನ್ನು ಓದುಮನೆಗೆ ಒಯ್ದು ಮೇಷ್ಟ್ರಿಗೆ ಕೇಳಿಸಲು ಕೂತ. ಓದಕ್ಕ ಹೊಸ್ತಿಲಾಚೆ ಬಂದು ನಿಂತರು. ಹೆಜ್ಜೆ ಸಪ್ಪಳದಲ್ಲೇ ಮೇಷ್ಟ್ರಿಗೆ ಗೊತ್ತಾಯಿತು.

"ಒಳಗೆ ಬನ್ನಿ. ಕೂತ್ಕೊಳ್ಳಿ. ಮಾತಾಡಬೇಡಿ."

ಮೇಷ್ಟ್ರ ಹೆಂಡತಿಯ ದನಿ ಹೊರಟಿತು, ಸಣ್ಣ ನಗು ಬೆರೆತ ದನಿ. ದಾರಿ ತಪ್ಪಿದ ಆಡಿನ ಮರಿಯ ಕತೆ. ಮರಿ ನದಿ ದಂಡೆಗೆ ಬಂದು ನೀರಿಗೆ ಕಾಲಿಡುವ ಹೊತ್ತಿಗೆ ದನಿ ಫಕ್ಕನೆ ನಿಂತಿತು. ಮುಂದಿನದು ಅಳಿಸಿಹೋಗಿತ್ತು.

ಮೇಷ್ಟ್ರು ಕಾದರು. ಮತ್ತೆ ಸದ್ದು ಬರಲಿಲ್ಲ.

"ಆಮೇಲೇನಾಗುತ್ತೆ, ನನಗೆ ಮರೆತುಹೋಗಿದೆ," ಎಂದರು. "ನೀವು ಹೇಳಿ ಅಕ್ಕ. ಕಟ್ಟಿ ಹೇಳೋದು ನಿಮಗೆ ಬರುತ್ತಲ್ಲ."

ಓದಕ್ಕ ಕನ್ನಡಕವನ್ನು ಕೊರಳಿಂದ ತೆಗೆದು ಮಡಿಲಲ್ಲಿಟ್ಟುಕೊಂಡರು. ಮೇಷ್ಟ್ರು ಮುಖವನ್ನು ಅವರತ್ತ ಹಿಡಿದುಕೊಂಡೇ ಕೂತಿದ್ದರು. ಅಳಿಯ ತುದಿಗಾಲಲ್ಲಿ ಹೊರಗೆ ಬಂದು, ಸದ್ದಾಗದಂತೆ ಬಾಗಿಲು ಎಳೆದುಕೊಂಡ.