ಜಮೀನಲ್ಲ, ಜಾಮೀನು

ಒಂದು ದೀರ್ಘ ನುಂಗಿದ ತಪ್ಪಿಗೆ ವಾಣಿಶ್ರೀಯ ರಾಕೆಟ್ ನೆಲ ಬಿಟ್ಟು ಏಳದೇ ಹೋಗುವುದರಲ್ಲಿತ್ತು.

ಯಲಬುರ್ಗಾ ಸೀಮೆಯ ಒಂದು ಹಳ್ಳಿಯಲ್ಲಿ, ಹನುಮಪ್ಪನ ಗುಡಿಕಟ್ಟೆಯ ಮೇಲೆ ರಾಕೆಟ್ ಕಂಪನಿಯ ಪರವಾಗಿ ಮೈಕ್ ಹಿಡಿದು ಅವಳು ಹೇಳಿದ್ದು ಇಷ್ಟೇ, "ನಿಮಗೆಲ್ಲಾ ನಮ್ಮ ಕಂಪನಿ ಜಾಮೀನು ಕೊಡ್ತೈತ್ರಿ." ಆದರೆ ಅವಳು ಕಾಲುವೆ ಸೀಮೆಯ ಮರಳಿ ಎಂಬ ಊರಿನ ಹುಡುಗಿ. ಅವಳ ಮಾತೆಂದರೆ ಕಾಲುವೆಗೆ ನೀರು ಬಿಟ್ಟ ಹಾಗೆ ಎಂದು ತಾಯಿ ಬಯ್ಯುತ್ತಲೇ ಇದ್ದರು. ಆ ರಭಸಕ್ಕೆ 'ಜಾ' ಕೊಚ್ಚಿಹೋಗಿ 'ಜ' ಆಯಿತು. ಊರಿಗೆ ಊರೇ ಜಮೀನು ಎಂದು ಕೇಳಿಸಿಕೊಂಡು ಚಪ್ಪಾಳೆ ತಟ್ಟಿತು. ಮರುದಿನ ಬೆಳಿಗ್ಗೆ ಕಂಪನಿಯ ಶೆಡ್ಡಿನ ಮುಂದೆ ಆಧಾರ್ ಕಾರ್ಡ್ ಹಿಡಿದು ಪಾಳಿ ಹಚ್ಚಿದ ಜನರದ್ದು ಒಂದೇ ವಿಚಾರಣೆ: ಮನೆಗೆ ಎಷ್ಟು ಎಕರೆ, ಕಪ್ಪು ಎರಿಯೋ ಕೆಂಪು ಮಸಾರಿಯೋ?

ಪಾಳಿಯ ಪಕ್ಕದಲ್ಲಿ ಬೈಕಿಗೆ ಒರಗಿದ್ದ ಒಬ್ಬ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದ. ವಾಣಿಶ್ರೀ ದುರುಗುಟ್ಟಿ ನೋಡಿದಳು. ಅವನು ತಟ್ಟನೆ ಮುಖ ಗಂಭೀರ ಮಾಡಿಕೊಂಡ, ಆದರೆ ಕಣ್ಣಂಚಿನಲ್ಲಿ ನಗು ಇನ್ನೂ ಕುಣಿಯುತ್ತಲೇ ಇತ್ತು. ಹಿಟ್ನಾಳದ ಸಿದ್ದೇಶ. ರಾಕೆಟ್ಟಿಗೆ ವಿಮೆ ಕೊಡಬಹುದೋ ಬೇಡವೋ ಎಂದು ನೋಡಲು ವಿಮಾ ಕಂಪನಿ ಕಳಿಸಿದ ಸರ್ವೇಯರ್. ನಗಲಿಕ್ಕೆ ಇವನೇ ಸಿಗಬೇಕಿತ್ತೇ?

ವಿಮೆ ಇಲ್ಲದೆ ಪರವಾನಗಿ ಇಲ್ಲ. ಮೇಲೆ ಹೋದದ್ದು ಯಾರ ಹೊಲದ ಮೇಲೆ, ಯಾರ ದನದ ಮೇಲೆ ಬಿದ್ದರೂ ಪರಿಹಾರ ಕೊಡುತ್ತೇವೆ ಎಂಬ ಹೊಣೆ ಮೊದಲು ಗಟ್ಟಿಯಾಗಬೇಕು, ಆಮೇಲೆ ಹಾರಾಟ. ಆ ಹೊಣೆ ಹೊರಲು ವಿಮಾ ಕಂಪನಿಯದ್ದೂ ಒಂದು ಷರತ್ತು: ಹಾರಿಸುವ ದಿನ ಕೆಳಗಿನ ಹೊಲಗಳು ಖಾಲಿ ಇರಬೇಕು, ಅದೂ ಊರವರ ಖುಷಿಯಿಂದ. ಮಳೆಗಾಲಕ್ಕೆ ಮುಂಚೆ ಇದಾಗದಿದ್ದರೆ ಕಂಪನಿ ಗಂಟುಮೂಟೆ ಕಟ್ಟಿ ಬೇರೆ ರಾಜ್ಯದ ಕಡಲ ದಂಡೆಗೆ ಹೋಗುತ್ತಿತ್ತು. ನಮ್ಮ ಜಿಲ್ಲೆಯ ನೆಲದಿಂದಲೇ ಹಾರಿಸೋಣ ಎಂದು ಮಾಲೀಕರ ಮುಂದೆ ಹಟ ಹಿಡಿದವಳು ವಾಣಿಶ್ರೀ. ಈಗ ಅವಳ ಬಾಯಿಂದಲೇ ಊರು ಮುನಿಸಿಕೊಂಡಿತ್ತು. ಜಮೀನು ಕೊಡದವರಿಗೆ ನಾವೇಕೆ ಹೊಲ ಬಿಡಬೇಕು ಎಂದರು ಜನ.

ಸಿದ್ದೇಶ ಆಗದು ಎಂದು ವರದಿ ಕೊಟ್ಟು ಕೈ ತೊಳೆದುಕೊಳ್ಳಬಹುದಿತ್ತು. ಬದಲಿಗೆ ಮನೆಮನೆಗೆ ಹೋಗಿ ತಿಳಿಸಿ ಹೇಳೋಣ ಎಂದ. "ಆದ್ರ ನೀವು ದೀರ್ಘ ನೋಡ್ಕೊಂಡು ಮಾತಾಡ್ರಿ," ಎಂದೂ ಸೇರಿಸಿದ. ಅವಳಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ನಗುವೂ ಬಂತು.

ಇಬ್ಬರೂ ಓಣಿ ಓಣಿ ಸುತ್ತಿದರು. ಅವನದ್ದು ನಿಧಾನದ ಮಾತು, ಅವಳದ್ದು ಅವಸರದ್ದು. ಅವಳು ಅರ್ಧ ಹೇಳಿ ಓಡಿದ್ದನ್ನು ಅವನು ಹಿಂದಿನಿಂದ ಹೆಕ್ಕಿ ಪೂರ್ತಿ ಮಾಡುತ್ತಿದ್ದ. ಕಟ್ಟೆಯ ಮೇಲೆ ಕೂಡುವ ಮುಂಚೆ ಕಲ್ಲು ಅಲುಗಾಡಿಸಿ ನೋಡುವ, ಮಂಡಕ್ಕಿ ಮಿರ್ಚಿ ತಿನ್ನುವ ಮುಂಚೆ ಬಾಣಲೆಯ ಎಣ್ಣೆಯನ್ನು ಇಣುಕುವ ಆಸಾಮಿ. ನಿಮಗೆ ಎಲ್ಲದರಲ್ಲೂ ರಿಸ್ಕ್ ಕಾಣುತ್ತದೇನು ಎಂದು ಅವಳು ಕಾಡಿಸಿದಾಗ, ಅವನು ಅವಳ ಹಣೆಯ ಮೇಲೆ ಹಾರಾಡುತ್ತಿದ್ದ ಕೂದಲನ್ನು ಒಂದು ಗಳಿಗೆ ನೋಡಿದ.

"ಎಲ್ಲಾದ್ರಾಗ ಇಲ್ರಿ. ಕೆಲವೊಂದರಾಗ ಭಾಳ."

ಅವಳಿಗೆ ಮಿರ್ಚಿ ನೆತ್ತಿಗೇರಿತು. ಕೆಮ್ಮುತ್ತಿದ್ದ ಅವಳಿಗೆ ಅವನು ನೀರಿನ ಬಾಟಲಿ ಕೊಟ್ಟ, ಅದೂ ಮುಚ್ಚಳದ ಸೀಲು ಪರೀಕ್ಷಿಸಿದ ಮೇಲೆ.

ಕೊನೆಯ ಮನೆ ಮುದಕಮ್ಮನದು. ಆಕೆ ಹ್ಞೂಂ ಎಂದರೆ ಊರೇ ಹ್ಞೂಂ ಎನ್ನುತ್ತಿತ್ತು. ವಿಮೆ ಕೊಡುವವರು ಒಬ್ಬರು, ಕೊಂಡವರು ಇನ್ನೊಬ್ಬರು, ಹಾನಿಯಾದರೆ ಪರಿಹಾರ ಪಡೆಯುವ ನೀವು ಮೂರನೆಯವರು, ಅಂದರೆ ಥರ್ಡ್ ಪಾರ್ಟಿ ಎಂದು ಸಿದ್ದೇಶ ಬಿಡಿಸಿ ಹೇಳಿದ. ಮುದಕಮ್ಮ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದಳು.

"ಹಾರೂದು ನನ್ನ ಹೊಲದ ಮ್ಯಾಲೆ. ನಾನ್ಯಾಕ ಮೂರನೇಕಿ ಆದೆ ತಮ್ಮಾ? ನಾಳೆ ನನ್ನ ಎಮ್ಮಿ ಮ್ಯಾಲೆ ಬಿದ್ರ, ಯಾರ ತಪ್ಪು ಅಂತ ನಾನೇ ಹುಡುಕ್ಕೋತ ಅಡ್ಡಾಡಬೇಕೇನು? ಜಾಮೀನು ಅಂದ್ರ ಎದುರಿಗೆ ಮನಷಾ ನಿಲ್ಲಬೇಕು."

ಮುದಕಮ್ಮನ ಮಾತು ಸರಿಯೇ ಇತ್ತು. ಯಾಕೆಂದರೆ ವಿಮಾ ಕಂಪನಿಯ ಕರಡಿನಲ್ಲಿ ಇದ್ದದ್ದು ಅದೇ: ತಪ್ಪು ರಾಕೆಟ್ಟಿನವರದ್ದೆಂದು ರುಜುವಾತಾದರೆ ಮಾತ್ರ ಪರಿಹಾರ. ವಾಣಿಶ್ರೀ ಸಿದ್ದೇಶನತ್ತ ನೋಡಿದಳು. ಅವನು ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತು ತನ್ನ ಮೇಲಧಿಕಾರಿಗೆ ಫೋನ್ ಹಚ್ಚಿದ. ಅಜ್ಜಿ ಕೇಳುವುದು ನ್ಯಾಯ, ಬಿದ್ದರೆ ಯಾರ ತಪ್ಪೆಂದು ಕೇಳದೇ ಕೊಡಬೇಕು, ಎಂದ. ಅತ್ತಲಿನವರು ಗದರಿದರು. ಇವನು ದನಿ ಏರಿಸಲಿಲ್ಲ, ಹೇಳಿದ್ದನ್ನೇ ಮತ್ತೆ ನಿಧಾನವಾಗಿ ಹೇಳಿದ. ಬಾಗಿಲ ಚೌಕಟ್ಟಿಗೆ ಒರಗಿ ನಿಂತ ವಾಣಿಶ್ರೀಗೆ ಆ ಕ್ಷಣ ಗೊತ್ತಾಯಿತು, ಈ ಮನುಷ್ಯನ ಮೇಲೆ ತನಗೆ ಮನಸ್ಸಾಗಿದೆ.

ವಿಮಾ ಕಂಪನಿ ಆ ಷರತ್ತಿಗೆ ಒಪ್ಪಿತು. ಮುದಕಮ್ಮ ಹ್ಞೂಂ ಎಂದಳು. ಮರುದಿನ ಸಿದ್ದೇಶನೇ ಮಾಯ.

ಅವನ ಜಾಗಕ್ಕೆ ಅಂಜುಮ ಎಂಬ ಸರ್ವೇಯರ್ ಬಂದು ಎಲ್ಲವನ್ನೂ ಮೊದಲಿನಿಂದ ತಪಾಸಣೆ ಮಾಡತೊಡಗಿದಳು. ವಾಣಿಶ್ರೀ ಫೋನ್ ಮಾಡಿದರೆ ಅವನು ಎತ್ತಲಿಲ್ಲ. ಕೆಲಸ ಮುಗಿಯಿತು, ಗುರುತೂ ಮುಗಿಯಿತು ಎಂದುಕೊಂಡು ಅವಳು ಹಲ್ಲು ಕಚ್ಚಿ ಖಾಲಿ ಬಿಡಬೇಕಾದ ಹೊಲಗಳಿಗೆ ಗಡಿಯ ಬಾವುಟ ನೆಡಿಸಿದಳು. ಆದರೆ ಬೈಕಿನ ಸದ್ದಾದಾಗಲೆಲ್ಲ ಕತ್ತು ತಾನಾಗಿಯೇ ಹೊರಳುತ್ತಿತ್ತು. ಪಾಲಿಸಿ ಕೈಗೆ ಬಂದ ದಿನ ತಡೆಯಲಾಗದೆ ಅಂಜುಮಳನ್ನು ಕೇಳಿಯೇಬಿಟ್ಟಳು.

"ಅವರಾಗೇ ಫೈಲ್ ಬಿಟ್ಟುಕೊಟ್ರು ಮೇಡಂ," ಎಂದಳು ಅಂಜುಮ, ನಗು ತಡೆದುಕೊಂಡು. "ವಿಮಾದಾಗ ಏನೂ ಮುಚ್ಚಿಡಬಾರದು ನೋಡ್ರಿ, ಮುಚ್ಚಿಟ್ರ ನಾಳೆ ಪಾಲಿಸಿನ ರದ್ದು. 'ರಾಕೆಟ್ ಕಂಪನಿ ಮೇಡಂ ಮ್ಯಾಲೆ ನನಗ ಮನಸೈತಿ, ನಾನು ಸಹಿ ಮಾಡಿದ್ರ ಅವರ ಕೆಲಸಕ್ಕ ಕುತ್ತು ಬರತೈತಿ' ಅಂತ ಸಾಹೇಬ್ರ ಮುಂದ ನಿಂತು ಹೇಳ್ಯಾರ. ಆಫೀಸಿಗೆಲ್ಲ ಗೊತ್ತೈತಿ. ನಿಮಗೊಬ್ಬರಿಗೇ ಹೇಳಿಲ್ಲ."

ವಾಣಿಶ್ರೀ ಪಾಲಿಸಿಯನ್ನು ತಲೆಕೆಳಗಾಗಿ ಹಿಡಿದು ಓದತೊಡಗಿದಳು.

ಹಾರಿಸುವ ದಿನ ಊರು ಊರೇ ಶಾಲೆಯ ಅಂಗಳದಲ್ಲಿ ಸೇರಿತ್ತು. ರೊಟ್ಟಿ ಗಂಟು, ಎಮ್ಮೆ, ಕರು, ಎಲ್ಲವೂ ಬಂದಿದ್ದವು. ಕೊನೆಯ ಎಣಿಕೆ ಮುಗಿಯಿತು. ಮಸಾರಿ ಮಣ್ಣು ಕೆಂಪಗೆ ಎದ್ದಿತು, ನೆಲ ಗುಡುಗಿತು, ಬೆಳ್ಳಗಿನ ಗೆರೆಯೊಂದು ನೆತ್ತಿಯ ಮೇಲಕ್ಕೆ ಸೀಳಿಕೊಂಡು ಹೋಯಿತು. ಎಲ್ಲರೂ ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡಿದರು. ಆಮೇಲೆ ದೂರದ ಖಾಲಿ ಹೊಲದ ಮೇಲೆ ಕಿತ್ತಳೆ ಬಣ್ಣದ ಛತ್ರಿ ಅರಳಿತು. ರಾಕೆಟ್ ಬಾವುಟದ ಗಡಿಯೊಳಗೇ ಇಳಿಯಿತು. ಯಾರ ಬದುವೂ ಕೆಡಲಿಲ್ಲ. ಜನ ಕೇಕೆ ಹಾಕಿದರು, ಮುದಕಮ್ಮ ವಾಣಿಶ್ರೀಯ ಮುಖಕ್ಕೆ ದೃಷ್ಟಿ ತೆಗೆದು ನೆಟಿಕೆ ಮುರಿದಳು.

ಆಗ ಗೇಟಿನ ಆಚೆ ಬೈಕು ನಿಂತಿತು. ಸಿದ್ದೇಶ ಇಳಿದು, ಬಿಳಿ ಅಂಗಿಯ ಮೇಲಿನ ಕೆಂಪು ಧೂಳು ಕೊಡವಿಕೊಳ್ಳುತ್ತ ಬಂದ.

"ಈಗ ನಾನು ಯಾವ ಪಾರ್ಟಿನೂ ಅಲ್ರಿ," ಎಂದ. "ಅದಕ್ಕ ಬಂದೆ."

ವಾಣಿಶ್ರೀಯ ಕಣ್ಣು ತುಂಬಿ ಬಂತು. ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದ ಮುದಕಮ್ಮನಿಗೆ ಎಲ್ಲವೂ ತಿಳಿಯಿತು.

"ಹುಡುಗ ಛಲೋ ಕಾಣ್ತಾನ. ಆದ್ರೂ ಹೇಳದ ಕೇಳದ ಓಡಿ ಹೋಗಿದ್ದ. ಮತ್ತ ಓಡಿ ಹೋಗೂದಿಲ್ಲ ಅನ್ನಾಕ ಎದುರಿಗೆ ನಿಲ್ಲೋರು ಯಾರು?"

ಊರೆಲ್ಲ ತಿರುಗಿ ನೋಡುತ್ತಿತ್ತು. ವಾಣಿಶ್ರೀ ಮುಂದೆ ಬಂದು ಸಿದ್ದೇಶನ ಎದುರಿಗೆ ನಿಂತಳು, ಅವನ ಕೈ ಹಿಡಿದಳು. ಹುಟ್ಟಿದಾಗಿನಿಂದ ಆಡದಷ್ಟು ನಿಧಾನವಾಗಿ, ದೀರ್ಘವನ್ನು ಪೂರ್ತಿ ಎಳೆದು ಹೇಳಿದಳು.

"ಇವರಿಗೆ ನಾನು ಜಾ...ಮೀನು, ಯಮ್ಮಾ."