ಅರ್ಧ ಸುತ್ತು ಸಡಿಲ

ನಿಲ್ಲಿಸು ಗೂಳಿ... ಬಟನ್ ಮೇಲಿಂದ ಕೈ ತೆಗಿ!

ಕಾರಿನ ಹೊಟ್ಟೆ ನನ್ನ ಮೂಗಿಗೆ ತಾಗುತ್ತಿದೆ. ಈ ಲಿಫ್ಟ್ ಇನ್ನೊಂದು ಗೇಣು ಇಳಿದರೆ ನಾನು ಅಪ್ಪಚ್ಚಿ.

ಹಾಂ... ಹಾಗೆ.

ಅವಸರ ಯಾಕೆ? ಧಣಿಯ ಫೋನ್ ಬಂದ ಮೇಲೆ ತಾನೇ ನೀನು ಕೆಲಸ ಮುಗಿಸಬೇಕಾದದ್ದು? ಅವರು ಮನೆಗೆ ಹೋಗಿ, "ನಮ್ಮ ಮಗನನ್ನು ಕೊಂದವನು ಸಿಕ್ಕಿದ" ಎಂದು ಹೆಂಡತಿಗೆ ಹೇಳಿ, ಆಮೇಲೆ ಫೋನ್ ಮಾಡುತ್ತಾರೆ. ಅಲ್ಲಿಯವರೆಗೆ ನನ್ನ ಬಾಯಿಗೆ ಬಟ್ಟೆ ತುರುಕಿಡು ಎಂದಿದ್ದರು. ನೀನು ತುರುಕಿದೆ. ನಾನು ಉಸಿರು ಕಟ್ಟಿ ಒದ್ದಾಡಿದಾಗ ಕಿತ್ತೂ ಹಾಕಿದೆ. ಇಷ್ಟು ದಪ್ಪ ಕತ್ತಿನವನಿಗೆ ಇಷ್ಟು ಮೆತ್ತಗಿನ ಮನಸ್ಸು!

ಕೈ ಕಟ್ಟಿದ್ದೀಯ. ಬಾಯಿ ಬಿಚ್ಚಿದ್ದೀಯ. ಕೇಳು ಹಾಗಾದರೆ.

ನನ್ನ ಕಸುಬು ನಿನಗೆ ಗೊತ್ತು. ಪೊಲೀಸರಿಗೆ ಹೇಳಲಾಗದ್ದನ್ನು ಜನ ನನಗೆ ಹೇಳುತ್ತಾರೆ, ನಾನು ಹುಡುಕಿ ಕೊಡುತ್ತೇನೆ. ಮಗನ ಮಣ್ಣು ಮುಗಿದ ಮರುದಿನ ಧಣಿ ನನ್ನನ್ನು ಕರೆಸಿದರು.

"ನನ್ನ ಮಗ ಸತ್ತಿದ್ದು ಆಕ್ಸಿಡೆಂಟಲ್ಲಿ ಅಲ್ಲ."

"ಮತ್ತೆ?"

"ಮುಂದಿನ ಚಕ್ರ ಹಿಡಿದಿರೋ ರಾಡ್ ಕಳಚಿದೆ. ಅದನ್ನ ಹಾಕಿದ ಮೆಕ್ಯಾನಿಕ್ ನಿನ್ನ ಅಕ್ಕನ ಗಂಡ."



"ಭಾವ ಎಲ್ಲಿದ್ದಾರೆ?"

"ನನ್ನ ಗೋಡೌನಲ್ಲಿ. ಬೇರೆ ಯಾರೋ ಮಾಡಿದ್ದು ಅಂತ ಪ್ರೂವ್ ಮಾಡು. ನಾಳೆ ಸಂಜೆವರೆಗೂ ಟೈಮ್ ಇದೆ. ಇಲ್ಲಾಂದ್ರೆ ಅವನೇ!"

ಭಾವನನ್ನು ಕಾವಲು ಕಾದವನು ನೀನೇ ಅಲ್ಲವಾ? ಆ ಊದಿದ ಮುಖ ನೋಡಿದೆಯಲ್ಲ. ನಾನು ನೋಡಲು ಬಂದಾಗ ಒಂದೇ ಮಾತು ಹೇಳುತ್ತಿದ್ದರು.

"ನಾನು ಬಿಗಿದಿದ್ದೆ ಕಣೋ... ಗೆರೆನೂ ಎಳೆದಿದ್ದೆ."

ಆ ಗೆರೆಯ ವಿಷಯ ನಿನಗೆ ಗೊತ್ತಿಲ್ಲ. ಧಣಿಯ ಮಗನಿಗೆ ರೇಸಿನ ಹುಚ್ಚು. ಕಂಪನಿ ಕೊಟ್ಟ ಕಾರು ಸಾಲದು. ತಿರುವಿನಲ್ಲಿ ಬಾಡಿ ಬಳುಕಬಾರದು ಎಂದು ಇಂಜಿನ್ ಮೇಲೆ ಅಡ್ಡಕ್ಕೆ ಬ್ರೇಸ್ ಪಟ್ಟಿ ಹಾಕಿಸಿದ. ಬ್ರೇಕ್ ಒತ್ತಿದಾಗ ಚಕ್ರ ಹಿಂದಕ್ಕೆ ಜಗ್ಗಬಾರದು ಎಂದು ಕೆಳಗೆ ನೀಲಿ ಬಣ್ಣದ ಟೆನ್ಷನ್ ರಾಡ್ ಹಾಕಿಸಿದ. ಅದು ಉದ್ದ ಹೆಚ್ಚು ಕಡಿಮೆ ಮಾಡುವಂಥ ರಾಡ್. ಉದ್ದ ಸರಿಮಾಡಿ ಲಾಕ್‌ನಟ್ ಬಿಗಿಯಬೇಕು. ಆ ನಟ್ ಸಡಿಲವಾದರೆ ಗಾಡಿ ಓಡುತ್ತಾ ಓಡುತ್ತಾ ರಾಡೇ ಕಳಚುತ್ತದೆ. ಹಳೆಯ ರಾಡಿನಲ್ಲಿದ್ದ ರಬ್ಬರ್ ಇದರಲ್ಲಿಲ್ಲ, ಹಾಗಾಗಿ ಹಳ್ಳ ಸಿಕ್ಕಿದಲ್ಲೆಲ್ಲ ಕಟಕಟ ಎನ್ನುತ್ತದೆ. ಅದು ಅದರ ಗುಣ, ರೋಗವಲ್ಲ.

ಭಾವನದು ಒಂದು ಪದ್ಧತಿ. ಕಾರನ್ನು ಲಿಫ್ಟಿನಿಂದ ಇಳಿಸಿ, ಅದರ ಭಾರ ಚಕ್ರದ ಮೇಲೆ ಕೂತ ಮೇಲೆಯೇ ಕೊನೆಯ ಬಿಗಿ. ಆಮೇಲೆ ನಟ್ಟಿಗೂ ರಾಡಿಗೂ ಸೇರಿಸಿ ಒಂದು ಹಳದಿ ಗೆರೆ. ನಟ್ ತಿರುಗಿದರೆ ಗೆರೆ ಎರಡಾಗುತ್ತದೆ.

ನಾನು ಇಲ್ಲಿಗೇ ಬಂದೆ. ಭಾವನ ಇದೇ ಗ್ಯಾರೇಜು, ಇದೇ ನಜ್ಜುಗುಜ್ಜಾದ ಕಾರು. ಕೆಳಗೆ ನುಗ್ಗಿ ಟಾರ್ಚ್ ಬಿಟ್ಟೆ.

ಗೆರೆ ಎರಡಾಗಿತ್ತು!

ಅರ್ಧ ಸುತ್ತು. ಅಷ್ಟೇ. ನಟ್ಟಿನ ನೀಲಿ ಮೈಮೇಲೆ ಹಲ್ಲು ಕಚ್ಚಿದ ಗುರುತು... ಪೈಪ್ ರಿಂಚಿನದು. ಭಾವ ಅಂಥದ್ದನ್ನು ಗ್ಯಾರೇಜಿನ ಹೊಸ್ತಿಲು ದಾಟಲು ಬಿಡುವುದಿಲ್ಲ. ನಟ್ಟಿನ ಮೂಲೆ ತಿನ್ನುತ್ತದೆ ಎಂದು ಬೈಯುತ್ತಾರೆ.

ಕಾರು ದಿನವೂ ನಿಲ್ಲುತ್ತಿದ್ದದ್ದು ಧಣಿಯ ಮನೆಯಲ್ಲಿ. ಹಿಂದಿನ ಗೇಟಿನಿಂದ ನುಗ್ಗಿದೆ. ಅಲ್ಲಿ ಒಬ್ಬರನ್ನು ಮಾತಾಡಿಸಿದೆ. ಯಾರು ಎಂದು ಕೇಳಬೇಡ, ಹೇಳುವುದಿಲ್ಲ.

"ಕಾರಿನ ಕೆಳಗೆ ಯಾರಾದ್ರೂ ಹೋಗಿದ್ರಾ?"

"ಅಯ್ಯೋ, ಧಣಿನೇ ಮಲಗಿದ್ರಲ್ಲ! ಕಟಕಟ ಸದ್ದಿಗೆ ತಲೆ ಚಿಟ್ಟು ಹಿಡೀತು ಅಂತ ಅಮ್ಮಾವ್ರು ಗೊಣಗ್ತಿದ್ರು. ನಟ್ಟಿಗೆ ಸ್ವಲ್ಪ ಉಸಿರಾಡೋಕೆ ಬಿಡಬೇಕು, ನಮ್ಮ ಲಾರಿಗೂ ಹಾಗೇ ಮಾಡ್ತಿದ್ದೆ ಅಂತ ಧಣಿ ನಕ್ಕರು."

ಯಾಕೆ ಗೂಳಿ, ಮುಖ ಬಿಳಿಚಿಕೊಂಡಿತು? ಧಣಿ ಲಾರಿ ಓಡಿಸಿ ಮೇಲೆ ಬಂದವರು ಎಂದು ನಿನಗೂ ಗೊತ್ತು. ಯಾವ ಗಾಡಿ ಸದ್ದು ಮಾಡಿದರೂ ಇವತ್ತಿಗೂ ತಾವೇ ಕೆಳಗೆ ನುಗ್ಗುತ್ತಾರೆ.

ಶೆಡ್ಡಿನಲ್ಲಿ ಪೈಪ್ ರಿಂಚು ಸಿಕ್ಕಿತು. ಹಲ್ಲಿನ ಸಂದಿಯಲ್ಲಿ ನೀಲಿ ಬಣ್ಣ!

ಅದನ್ನು ಎತ್ತಿಕೊಂಡು ತಿರುಗಿದರೆ... ಬಾಗಿಲಲ್ಲಿ ನೀನು.

"ಕಳ್ಳ ನನ್ಮಗನೇ!"

ನಾನು ಕಿಟಕಿಯಿಂದ ಹಾರಿದೆ. ಕಾಂಪೌಂಡ್ ಗೋಡೆ. ಒಣಗಿಹಾಕಿದ ಬಟ್ಟೆ. ನಿಂತಿದ್ದ ಟ್ಯಾಂಕರಿನ ಕೆಳಗೆ ನುಸುಳಿದೆ. ನೀನು ಸುತ್ತು ಹಾಕಿ ಬರಲು ಹೋಗಿ ಮೋರಿಗೆ ಬಿದ್ದೆ. ಈಗಲೂ ನೆನೆದರೆ ನಗು ಬರುತ್ತದೆ... ಎದೆ ಅಲುಗಿದರೆ ಕಾರು ತಾಗುತ್ತದೆ, ನಗಿಸಬೇಡ.

ನೇರ ಧಣಿಯ ಆಫೀಸಿಗೆ ಹೋದೆ. ಕಾರಿನಿಂದ ಕಿತ್ತು ತಂದಿದ್ದ ನಟ್ಟನ್ನೂ ರಿಂಚನ್ನೂ ಮೇಜಿನ ಮೇಲಿಟ್ಟೆ. ಅವರೇ ಎತ್ತಿಕೊಂಡರು. ಹಲ್ಲಿಗೆ ಗುರುತು ಹೊಂದಿಸಿ ನೋಡಿದರು. ಕೂತಿತು.

ಅವರು ಅತ್ತರು ಗೂಳಿ. ಬಾಯಿ ತೆರೆದುಕೊಂಡು, ಸದ್ದೇ ಇಲ್ಲದೆ. ಆಮೇಲೆ ಕಣ್ಣು ಒರೆಸಿಕೊಂಡರು. ಆಗ ನನಗೆ ಭಯವಾಯಿತು.

"ಯಾರಿಗೆಲ್ಲಾ ಗೊತ್ತು?"

"ನಿಮಗೆ. ನನಗೆ."

"ನಿನ್ನ ಭಾವನಿಗೆ?"

"ಇಲ್ಲ. ಗೆರೆ ಒಡೆದಿದ್ದು ಕೂಡ ಹೇಳಿಲ್ಲ."

"ನನ್ನ ಹೆಂಡ್ತಿಗೆ ಒಬ್ಬ ಕೊಲೆಗಾರ ಬೇಕು. ಅದು ನಾನಾಗೋಕೆ ಆಗಲ್ಲ. ಅವಳು ಬದುಕಲ್ಲ."

"ಧಣಿ..."

"ನಿನ್ನ ಭಾವ, ಇಲ್ಲಾ ನೀನು. ಬೇಗ ಹೇಳು!"

ಬಾಗಿಲಾಚೆ ನಿನ್ನ ಜನ ನಿಂತಿದ್ದರು. ಓಡಲು ಕಿಟಕಿಯೂ ಇರಲಿಲ್ಲ. ಅಕ್ಕ ನೆನಪಾದಳು. ಅವಳಿಗೆ ಬೇರೆ ಯಾರಿದ್ದಾರೆ?

"ನಾನೇ ಸಡಿಲ ಮಾಡಿದೆ ಅಂತ ಹೇಳಿ" ಎಂದೆ.

ಇವತ್ತು ಬೆಳಿಗ್ಗೆ ಗೋಡೌನಿಗೆ ಅಕ್ಕ ಬಂದಾಗ ನೀನೂ ಇದ್ದೆ. ಗಂಡನ ಹೆಗಲಿಗೆ ಕೈ ಕೊಟ್ಟು ನಿಂತಿದ್ದಳು. ಧಣಿ ನನ್ನತ್ತ ಬೆರಳು ತೋರಿಸಿದರು.

"ನಿನ್ನ ತಮ್ಮ ಒಪ್ಕೊಂಡಿದ್ದಾನಮ್ಮ."

"ನೀನಾ?" ಎಂದಳು ಅಕ್ಕ. "ನಮ್ಮನೆ ಅನ್ನ ತಿಂದು... ಇವರು ಹೊಡೆಸ್ಕೊಳ್ಳೋದನ್ನ ನೋಡ್ಕೊಂಡು ಸುಮ್ನಿದ್ಯಾ?"

ನಾನು ಹೌದು ಎಂದೆ. ಇಲ್ಲ ಎಂದರೆ ಭಾವ ಆ ಬಾಗಿಲು ದಾಟುತ್ತಿರಲಿಲ್ಲ.

"ಇನ್ಮೇಲೆ ನಂಗೆ ತಮ್ಮ ಇಲ್ಲ."

ಅವಳು ಅಷ್ಟು ಸುಲಭವಾಗಿ ನಂಬಿದಳಲ್ಲ ಗೂಳಿ... ಈ ಕಾರು ಎದೆಯ ಮೇಲೆ ಬಿದ್ದರೂ ಅಷ್ಟು ನೋಯುವುದಿಲ್ಲ. ಅದಕ್ಕೇ ನಿನಗೆ ಹೇಳಿದೆ. ಒಬ್ಬನಿಗಾದರೂ ನಿಜ ಗೊತ್ತಿರಲಿ.

ಆದರೆ ಈ ನಿಜಕ್ಕೆ ಒಂದು ಕೆಟ್ಟ ಗುಣವಿದೆ. ಅದನ್ನು ತಿಳಿದವನನ್ನು ಧಣಿ ಉಳಿಸುವುದಿಲ್ಲ. ನಾನು ಇಲ್ಲಿ ಮಲಗಿರುವುದು ಅದಕ್ಕೇ. ಈಗ ನೀನೂ ಅದನ್ನು ತಿಳಿದವನು. ನೀನು ನನ್ನನ್ನು ಬಿಟ್ಟು ಓಡಿದರೂ ಹುಡುಕುತ್ತಾರೆ, ಮುಗಿಸಿ ಹೋದರೂ ಅನುಮಾನ ಪಡುತ್ತಾರೆ. ಇಸ್ಪೀಟಿನಲ್ಲಿ ಒಳ್ಳೆ ಎಲೆ ಬಂದರೆ ಕಿವಿ ಕೆಂಪಾಗುವ ಗಿರಾಕಿ ನೀನು. ಸುಳ್ಳು ನಿನ್ನ ಜಾತಕದಲ್ಲೇ ಇಲ್ಲ.

ಅಗೋ... ಫೋನ್!

ಎತ್ತು. ಧಣಿ ಕೇಳುವುದು ಒಂದೇ ಪ್ರಶ್ನೆ... ಬಟ್ಟೆ ಅವನ ಬಾಯಲ್ಲೇ ಇದೆಯಾ ಅಂತ!