ಕೊನೆಯ ಕಾರ್ಡಿಗೆ ಮುಂಚೆ ಎದ್ದವಳು

"ಕತ್ತರಿ...?"

ಆ ಒಂದು ಪದಕ್ಕೆ ಅವಳ ಕೈಯಲ್ಲಿದ್ದ ಕಾಫಿ ಲೋಟ ತುಳುಕಿತು.

ಏಳು ವರ್ಷದಿಂದ ಅವಳನ್ನು ಯಾರೂ ಆ ಅಡ್ಡಹೆಸರಿನಿಂದ ಕರೆದಿರಲಿಲ್ಲ. ಕರೆಯುವ ಧೈರ್ಯವೂ ಯಾರಿಗೂ ಇರಲಿಲ್ಲ ಬಿಡಿ. ಈಗ ಅವಳು ಹೆಸರು ಮಾಡಿದ ಎಡಿಟರ್. ಸಿನಿಮಾ ಕಲಿಸುವ ಕಾಲೇಜುಗಳು "ಪರೀಕ್ಷಕಿಯಾಗಿ ಬನ್ನಿ ಮೇಡಂ" ಎಂದು ದುಂಬಾಲು ಬೀಳುತ್ತವೆ. ಇವತ್ತು ಈ ಕಾಲೇಜಿಗೆ ಬಂದದ್ದೂ ಹಾಗೆಯೇ.

ಪ್ರೊಜೆಕ್ಟರ್ ಪಕ್ಕದ ಸ್ಟೂಲಿನ ಮೇಲೆ ನಿಂತು ವೈರು ಸಿಕ್ಕಿಸುತ್ತಿದ್ದವನು ಅವನೇ... ಗೂಬೆ! ಕತ್ತಲಾದರೆ ಕ್ಯಾಮರಾ ಹಿಡಿದು ಅಲೆಯುತ್ತಿದ್ದ, ಬೆಳಕಾದರೆ ಕ್ಲಾಸಿನಲ್ಲಿ ತೂಕಡಿಸುತ್ತಿದ್ದ ಹುಡುಗನಿಗೆ ಓದುವ ಕಾಲದಲ್ಲಿ ಅವಳೇ ಇಟ್ಟ ಹೆಸರದು. ಕಿವಿಯ ಬಳಿ ನಾಲ್ಕು ಬಿಳಿ ಕೂದಲು ಬಂದಿವೆ. ಕಣ್ಣು ಮಾತ್ರ ಹಾಗೇ ಇದೆ, ಪಾಪಿ!

"ಮೇಡಂ ಅನ್ನಿ," ಎಂದಳು. "ಇಲ್ಲಿ ನಾನು ಪರೀಕ್ಷಕಿ."

ಅವನು ಸ್ಟೂಲಿನಿಂದ ಇಳಿದ. "ಕ್ಷಮಿಸಿ... ಮೇಡಂ. ಈ ವರ್ಷ ಇಲ್ಲಿಗೆ ಕ್ಯಾಮರಾ ಕಲಿಸೋಕೆ ಸೇರ್ಕೊಂಡೆ. ಇವತ್ತು ನೀವು ನೋಡೋದ್ರಲ್ಲಿ ಒಂದು ನನ್ನ ಹುಡುಗರದು."

"ಹೌದಾ?" ಎಂದಳು ತಣ್ಣಗೆ.

ಒಳಗೆ ಮಾತ್ರ ಯಾವುದೋ ಗಹಗಹಿಸಿ ನಕ್ಕಿತು. ಸಿಕ್ಕಿಬಿದ್ದೆ ಮಗನೇ!

ಸೇಡು... ಏಳು ವರ್ಷ ಆ ಪದಕ್ಕೆ ಹಾಲು ಎರೆದು ಸಾಕಿದ್ದಳು ಅವಳು.

ಆಗ ಇಬ್ಬರೂ ಇಂಥದ್ದೇ ಕಾಲೇಜಿನಲ್ಲಿ ಓದುತ್ತಿದ್ದರು. ಇಬ್ಬರೂ ಸೇರಿ ಒಂದು ಥ್ರಿಲ್ಲರ್ ಮಾಡಿದರು. ಅವನದು ನಿರ್ದೇಶನ, ಅವಳದು ಸಂಕಲನ. ಪ್ರೀತಿ ಎಂದು ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಒಂದೇ ಲೋಟದ ಕಾಫಿಯನ್ನು ಹಂಚಿಕೊಂಡು ಕುಡಿಯುವವರು ಬೇರೆ ಏನು ಹೇಳಬೇಕು? ಅವನು ಅಡ್ಡಾದಿಡ್ಡಿ ಶೂಟ್ ಮಾಡಿ ತಂದು ಸುರಿದ ರಾಶಿಯನ್ನು ಅವಳು ಕತ್ತರಿಸಿದಳು, ಜೋಡಿಸಿದಳು, ಮತ್ತೆ ಕತ್ತರಿಸಿದಳು. ಕಣ್ಣು ಉರಿದು ನೀರು ಸೋರಿದರೂ ಕುರ್ಚಿ ಬಿಟ್ಟು ಏಳಲಿಲ್ಲ.

ಪ್ರದರ್ಶನದ ದಿನ ಹಾಲ್ ತುಂಬ ಜನ. ಮೊದಲ ದೃಶ್ಯದ ಮೇಲೆ ಟೈಟಲ್ ಕಾರ್ಡುಗಳು ಒಂದೊಂದಾಗಿ ಬಂದವು. 'ಸಂಕಲನ' ಎಂದು ಬಂತು. ಅದರ ಕೆಳಗೆ ಅವನ ಹೆಸರು!

ಅವಳ ಕೆಲಸ. ಅವಳ ನಿದ್ದೆ. ಅವನ ಹೆಸರು!

'ಕಳ್ಳ!' ಎಂದುಕೊಂಡು ಕತ್ತಲಲ್ಲೇ ಎದ್ದು ಹೊರಟಳು. ಅವತ್ತೇ ಊರು ಬಿಟ್ಟಳು, ನಂಬರ್ ಬದಲಾಯಿಸಿದಳು. ಗೆಳತಿಯರು ಅವನ ವಿಷಯ ಎತ್ತಿದರೆ ಫೋನ್ ಕಟ್. ಅಂಥವಳ ಕೈಗೆ ಈಗ ಅವನ ಶಿಷ್ಯರ ಮಾರ್ಕ್ಸು ಬಂದು ಬಿದ್ದಿದೆ!

ಪರೀಕ್ಷೆಯ ಕ್ರಮ ಸರಳ. ಮಕ್ಕಳು ಒಂದು ಥ್ರಿಲ್ಲರಿನ ಮೊದಲ ಎರಡು ನಿಮಿಷ ಮಾತ್ರ ಮಾಡಬೇಕು. ಮುಂದಿನ ಸಿನಿಮಾ ಇಲ್ಲವೇ ಇಲ್ಲ. ಆದರೆ ಆ ಎರಡು ನಿಮಿಷ ನೋಡಿದವರು "ಅಯ್ಯೋ, ಆಮೇಲೆ?" ಎನ್ನಬೇಕು. ಕಲಿಸಿದ ಮೇಷ್ಟ್ರು ಮತ್ತು ಹೊರಗಿನಿಂದ ಬಂದ ಪರೀಕ್ಷಕರು ಬೇರೆ ಬೇರೆ ಕೂತು ನೋಡಿ ಮಾರ್ಕ್ಸ್ ಹಾಕುತ್ತಾರೆ. ಆಮೇಲೆ ವಿಭಾಗದ ಮುಖ್ಯಸ್ಥೆಯ ಎದುರು ಕೂತು ಒಂದು ತೀರ್ಮಾನಕ್ಕೆ ಬರುತ್ತಾರೆ. ಪಾಸಾದರಷ್ಟೇ ಮುಂದಿನ ವರ್ಷದ ಸೀಟು.

ಬೇರೆ ತಂಡಗಳ ಚಿತ್ರಗಳನ್ನು ಅವಳು ಶ್ರದ್ಧೆಯಿಂದಲೇ ನೋಡಿದಳು. ಅವನ ಹುಡುಗರದನ್ನು ಕೊನೆಗೆ ಇಟ್ಟುಕೊಂಡಳು, ಮಕ್ಕಳು ಮಿಠಾಯಿ ಉಳಿಸಿಕೊಳ್ಳುವ ಹಾಗೆ.

ಪರದೆಯ ಮೇಲೆ ಕಟ್ಟಡವೊಂದರ ಮೆಟ್ಟಿಲು. ಭಾರದ ಚೀಲ ಹೊತ್ತ ಒಬ್ಬ ಹುಡುಗಿ ಹತ್ತುತ್ತಿದ್ದಾಳೆ. ಕೆಳಗೆ ಗಂಡಸಿನ ಹೆಜ್ಜೆ ಸದ್ದು. ಅವಳು ನಿಂತರೆ ಅದೂ ನಿಲ್ಲುತ್ತದೆ. ಬೀಗದ ಕೈ ಜಾರುತ್ತದೆ, ಬಾಗಿಲು ತೆರೆಯುತ್ತದೆ, ಚಿಲಕ ಬೀಳುತ್ತದೆ. ಹೆಜ್ಜೆ ಬಾಗಿಲ ಹೊರಗೆ ಬಂದು ನಿಂತಿತು. ಪರದೆ ಕಪ್ಪಾಯಿತು. ಆ ಕಪ್ಪಿನ ಮೇಲೆ 'ಮಾರ್ಗದರ್ಶನ' ಎಂಬ ಅಕ್ಷರ, ಕೆಳಗೆ ಅವನ ಹೆಸರು.

ಅದೇ ಹೆಸರು! ಅದೇ ಬಿಳಿ ಅಕ್ಷರ!

ಥಟ್ಟನೆ ಸ್ಟಾಪ್ ಒತ್ತಿದಳು.

ಐವತ್ತಕ್ಕೆ ಹದಿನೆಂಟು. ಪಾಸಾಗಲು ಇಪ್ಪತ್ತು ಬೇಕು ಎಂದು ಗೊತ್ತಿದ್ದೇ ಹಾಕಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ ಅಲ್ಲವೇ? ಕದ್ದವನು ಅವನಾದರೆ ಈ ಮಕ್ಕಳು ಮಾಡಿದ್ದೇನು? ಆದರೆ ಸಿಟ್ಟು ಬಂದವರಿಗೆ ಎತ್ತೂ ಒಂದೇ, ಎಮ್ಮೆಯೂ ಒಂದೇ.

ಹೊರಗೆ ಕಾರಿಡಾರಿನಲ್ಲಿ ಒಬ್ಬ ಹುಡುಗಿ ಉಗುರು ಕಚ್ಚುತ್ತ ನಿಂತಿದ್ದಳು.

"ಮೇಡಂ... ಮೆಟ್ಟಿಲಿನ ಸಿನಿಮಾ ನಂದೇ. ನೋಡಿದ್ರಾ?"

"ನೋಡ್ದೆ."

"ಭಯ ಆಯ್ತಾ?" ಹುಡುಗಿಯ ಮುಖದಲ್ಲಿ ಎಷ್ಟೊಂದು ಆಸೆ! "ಸದ್ದು ಮೊದಲು, ಆಮೇಲೆ ಶಾಟು ಅಂತ ಕಟ್ ಮಾಡಿದ್ದು ನಿಮ್ಮ ಕೆಲಸ ನೋಡ್ಕೊಂಡೇ ಮೇಡಂ. ಈ ಸಲ ಸೀಟು ಸಿಗದಿದ್ರೆ ಅಪ್ಪ ಓದು ಬಿಡಿಸ್ತಾರೆ. ಅಂಗಡೀಲಿ ಕೂತ್ಕೋ ಅಂತ ಈಗ್ಲೇ ಸ್ಟೂಲ್ ತಂದಿಟ್ಟಿದ್ದಾರೆ!"

ಹುಡುಗಿ ನಕ್ಕಳು. ಪರೀಕ್ಷಕಿಗೆ ನಗು ಬರಲಿಲ್ಲ. 'ನಿನ್ನ ಮೇಷ್ಟ್ರನ್ನು ಕೇಳು ಹೋಗು' ಎಂದು ಮನಸ್ಸಿನಲ್ಲೇ ಅಂದುಕೊಂಡು ಮುಂದೆ ನಡೆದಳು.

ಮುಖ್ಯಸ್ಥೆಯ ಕೋಣೆಯಲ್ಲಿ ಮೂವರು ಕೂತರು. ನಿವೃತ್ತಿಗೆ ಹತ್ತಿರವಾದ ಆ ಹೆಂಗಸು ಕನ್ನಡಕ ಏರಿಸಿಕೊಂಡು ಎರಡೂ ಹಾಳೆಗಳನ್ನು ನೋಡಿದರು.

"ಪರೀಕ್ಷಕರು ಹದಿನೆಂಟು. ಮೇಷ್ಟ್ರು..." ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಹದಿನಾರು?"

ಅವಳು ಬೆಚ್ಚಿ ಅವನತ್ತ ನೋಡಿದಳು. ತನ್ನ ಶಿಷ್ಯರಿಗೆ ತಾನೇ ಹದಿನಾರಾ? ಅವನು ತಲೆ ಎತ್ತಲಿಲ್ಲ.

"ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನೋ ಹಾಗಿದೆಯಲ್ರೀ ಇದು!" ಎಂದರು ಮುಖ್ಯಸ್ಥೆ.

ಪಾಪ, ಅವರಿಗೇನು ಗೊತ್ತು? ಗಾದೆ ಬಾಯಿಗೆ ಬಂತು, ಅಂದರು. ಎದುರಿಗಿದ್ದ ಇಬ್ಬರ ಮುಖವೂ ಕೆಂಪಾಯಿತು.

"ಹೇಳಿ ಮೇಷ್ಟ್ರೇ, ಹದಿನಾರು ಯಾಕೆ?"

"ನಾನೇ ಕಲಿಸಿದ ಹುಡುಗರು... ಜಾಸ್ತಿ ಹಾಕಿದ್ರೆ ನಮ್ಮವರು ಅಂತ ಹಾಕಿದ ಅನ್ಕೋತಾರೆ ಮೇಡಂ. ಅದೂ ಇವರ ಕಣ್ಣಲ್ಲಿ ಪಕ್ಷಪಾತಿ ಅನ್ನಿಸ್ಕೋಬಾರದು ಅಂತ..."

"ಭೇಷ್! ನಿಮ್ಮ ಮರ್ಯಾದೆ ಉಳಿಸೋಕೆ ಮಕ್ಕಳ ಮಾರ್ಕ್ಸ್ ಕಿತ್ರಿ." ಅವರು ಇವಳ ಹಾಳೆ ತೆಗೆದುಕೊಂಡರು. "ನೀವು ಬರೆದದ್ದು, 'ಹಳಸಲು ಕಥೆ. ಕತ್ತಲೆ, ಹುಡುಗಿ, ಹೆಜ್ಜೆ ಸದ್ದು, ಅಷ್ಟೇ. ಕೊನೆಯಲ್ಲಿ ಕುತೂಹಲವಿಲ್ಲ. ನಿರ್ದೇಶನ ಯಾರದೆಂಬ ಕಾರ್ಡ್ ಕೂಡ ಹಾಕಿಲ್ಲ.'"

ಅವನು ಈಗ ತಲೆ ಎತ್ತಿದ.

"ಕಾರ್ಡ್ ಇಲ್ವಾ?"

"ಇಲ್ಲ," ಎಂದಳು ಬಿರುಸಾಗಿ.

"ಇದೆ ಮೇಡಂ. ಪರದೆ ಕಪ್ಪಾದ್ಮೇಲೆ ಇನ್ನೊಂದು ಶಾಟ್ ಇದೆ. ಅದರ ಮೇಲೆ ನಿರ್ದೇಶನದ ಕಾರ್ಡು. ಅದು ಯಾವತ್ತೂ ಎಲ್ಲಕ್ಕಿಂತ ಕೊನೇಲಿ ತಾನೇ ಬರೋದು..."

ಮಾತು ಅರ್ಧಕ್ಕೇ ನಿಂತಿತು. ಅವನ ಮುಖದ ಬಣ್ಣ ಇಳಿಯಿತು. ಮುಖ್ಯಸ್ಥೆ ಎದುರಿಗಿದ್ದಾರೆ ಎಂಬುದನ್ನೂ ಮರೆತು ಕೇಳಿದ, "ಮುಂಚೇನೇ ಎದ್ದುಬಿಟ್ಯಾ ನೀನು? ... ಆವತ್ತೂ?"

"ಯಾವತ್ತು?"

"ನಮ್ಮ ಸಿನಿಮಾ. ಸಂಕಲನದ ಕಾರ್ಡಿಗೇ ಎದ್ದು ಹೋದ್ಯಾ? ಕೊನೇದು ನೋಡ್ಲೇ ಇಲ್ವಾ?"

ಅವಳು ಕುರ್ಚಿಯ ತುದಿಗೆ ಸರಿದಳು. "ಏನಿತ್ತು ಕೊನೇದರಲ್ಲಿ?"

"ನಿರ್ದೇಶನ ಅಂತಿತ್ತು," ಎಂದ. "ಕೆಳಗೆ ನಿನ್ನ ಹೆಸರು."

ಅವಳು ಅವನ ಮುಖವನ್ನೇ ಹುಡುಕಿದಳು. ಸುಳ್ಳಾ? ಇಲ್ಲ... ಈ ಗೂಬೆಗೆ ಸುಳ್ಳು ಹೇಳಲು ಯಾವತ್ತೂ ಬರುತ್ತಿರಲಿಲ್ಲ.

ಮುಖ್ಯಸ್ಥೆ ಇಬ್ಬರನ್ನೂ ಮಿಕಮಿಕ ನೋಡಿದರು. ಆಮೇಲೆ ಹಾಳೆಯ ಮೇಲೆ ಬೆರಳಿಟ್ಟರು. "ನಿಮ್ಮ ಪುರಾಣ ಆಮೇಲೆ. ಪರೀಕ್ಷಕರೇ, ಈ ಹುಡುಗರ ಸಿನಿಮಾ ನೀವು ಪೂರ್ತಿ ನೋಡಿದ್ರೋ ಇಲ್ವೋ?"

ಒಂದು ಸುಳ್ಳು ಸಾಕಿತ್ತು. ಮೆಷಿನ್ ಕೈಕೊಟ್ಟಿತು ಎನ್ನಬಹುದಿತ್ತು. ಹೆಸರು ಉಳಿಯುತ್ತಿತ್ತು. ಆದರೆ ಕಣ್ಣ ಮುಂದೆ ಅಂಗಡಿಯ ಸ್ಟೂಲೊಂದು ಬಂದು ನಿಂತಿತು.

"ಇಲ್ಲ," ಎಂದಳು. "ಇವರ ಹೆಸರು ಕಂಡ ಕೂಡಲೇ ನಿಲ್ಲಿಸ್ಬಿಟ್ಟೆ. ಇವರ ಮೇಲಿನ ಸಿಟ್ಟು ಮಕ್ಕಳ ಮೇಲೆ ತೀರಿಸ್ಕೊಂಡೆ. ತಪ್ಪಾಯ್ತು. ಮಕ್ಕಳನ್ನೂ ಕರೀರಿ, ಎಲ್ಲರೂ ಸೇರಿ ಇನ್ನೊಂದ್ಸಲ ನೋಡೋಣ."

ಮುಖ್ಯಸ್ಥೆ ಎರಡೂ ಹಾಳೆಗಳನ್ನು ಮಡಚಿ ಪಕ್ಕಕ್ಕಿಟ್ಟರು. "ಮುಂದಿನ ವರ್ಷ ನಿಮ್ಮನ್ನ ಕರೆಯೋದೋ ಬೇಡ್ವೋ ಯೋಚನೆ ಮಾಡ್ತೀನಿ," ಎಂದು ಎದ್ದರು. "ನಡೀರಿ ಈಗ."

ಮೆಟ್ಟಿಲು, ಹೆಜ್ಜೆ, ಚಿಲಕ, ಕಪ್ಪು. ಅವನ ಹೆಸರು ಬಂತು, ಹೋಯಿತು. ಅವಳು ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದು ಕೂತಿದ್ದಳು.

ಆಮೇಲೆ ಬಂತು ಆ ಶಾಟ್. ಬಾಗಿಲ ಒಳಗೆ ಹುಡುಗಿ ನಿಂತಿದ್ದಾಳೆ. ಅವಳ ಮುಖದಲ್ಲಿ ಭಯ ಎಳ್ಳಷ್ಟೂ ಇಲ್ಲ. ಕ್ಯಾಮರಾ ಕೆಳಗಿಳಿಯುತ್ತದೆ. ಗೋಡೆಯ ಉದ್ದಕ್ಕೂ ಗಂಡಸರ ಬೂಟುಗಳು, ಬೇರೆ ಬೇರೆ ಅಳತೆಯವು, ಸಾಲಾಗಿ ಜೋಡಿಸಿವೆ. ಸಾಲಿನ ಕೊನೆಯಲ್ಲಿ ಒಂದು ಜೊತೆಗಾಗುವಷ್ಟು ಜಾಗ ಖಾಲಿ. ಹೊರಗೆ ಬಾಗಿಲು ಬಡಿದ ಸದ್ದು. ಹುಡುಗಿ ನಿಧಾನವಾಗಿ ಚಿಲಕಕ್ಕೆ ಕೈ ಹಾಕುತ್ತಾಳೆ. 'ನಿರ್ದೇಶನ' ಎಂಬ ಅಕ್ಷರ ಮೂಡಿತು, ಕೆಳಗೆ ಉಗುರು ಕಚ್ಚುವವಳ ಹೆಸರು.

"ಅಯ್ಯೋ... ಆಮೇಲೆ?" ಪರೀಕ್ಷಕಿಯ ಬಾಯಿಂದ ತಾನಾಗಿ ಬಂತು.

ಮಕ್ಕಳು ಹೋ ಎಂದು ಕಿರುಚಿದರು.

ಅವಳು ಎದ್ದು ನಿಂತಳು. "ಮೂರನೇ ಮಹಡಿಯ ಹತ್ತಿರ ಒಂದು ಶಾಟ್ ಜಾಸ್ತಿ ಇದೆ, ತೆಗೀರಿ. ಹೆಜ್ಜೆ ಸದ್ದು ಒಂದೆರಡು ಕಡೆ ದೊಡ್ಡದಾಯ್ತು. ಇನ್ನುಳಿದದ್ದಕ್ಕೆ..." ಮಕ್ಕಳತ್ತ ತಿರುಗಿದಳು. "ಇದನ್ನ ಪೂರ್ತಿ ನೋಡದೆ ಮಾರ್ಕ್ಸ್ ಹಾಕಿದ್ದೆ. ನನ್ನ ಕ್ಷಮಿಸಿ ಮಕ್ಕಳೇ."

ಇಬ್ಬರೂ ಸೇರಿ ಒಪ್ಪಿ ಬರೆದದ್ದು ನಲವತ್ತೊಂದು. ಉಗುರು ಕಚ್ಚುವ ಹುಡುಗಿ ಅಲ್ಲೇ ನೆಲದ ಮೇಲೆ ಕೂತು ಅತ್ತಳು.

ಸಂಜೆ, ಕಾಲೇಜಿನ ಹಿಂದಿನ ಗಾಡಿ ನಿಲ್ಲಿಸುವ ಜಾಗ. ಅವನು ಕಾಯುತ್ತಿದ್ದ. ಅವಳು ಸೀದಾ ಅವನೆದುರು ಹೋಗಿ ನಿಂತಳು.

"ನನ್ನ ಸಂಕಲನದ ಕಾರ್ಡ್ ಯಾಕೆ ಕಿತ್ಕೊಂಡೆ?"

"ಒಬ್ಬರಿಗೆ ಒಂದೇ ಕಾರ್ಡ್ ಅಂತ ಕಾಲೇಜಲ್ಲಿ ನಿಯಮ ಇತ್ತಲ್ಲ. ನಾನು ಶೂಟ್ ಮಾಡಿದ್ದು ಬರೀ ಕಸ. ಅದು ಸಿನಿಮಾ ಆಗಿದ್ದು ನಿನ್ನ ಟೇಬಲ್ ಮೇಲೆ. ನಿರ್ದೇಶಕಿ ನೀನೇ ಅನ್ನಿಸ್ತು. ನಿನ್ನ ಹೆಸರು ಅಲ್ಲಿಗೆ ಹೋದ್ಮೇಲೆ ಸಂಕಲನಕ್ಕೆ ಉಳಿದದ್ದು ನನ್ನ ಹೆಸರೊಂದೇ. ಹೇಳದೇ ಹಾಕಿ, ಆ ಕಾರ್ಡ್ ಬಂದಾಗ ನಿನ್ನ ಮುಖ ನೋಡ್ಬೇಕು ಅಂತಿದ್ದೆ. ದೀಪ ಹಾಕಿದಾಗ ನಿನ್ನ ಕುರ್ಚಿ ಖಾಲಿ."

"ನಂಗೆ ನಿರ್ದೇಶನ ಬೇಡವಾಗಿತ್ತು ಕಣೋ!" ಏಳು ವರ್ಷದ ಕೂಗು ಅದು. "ನಾನು ಮಾಡಿದ್ದು ಸಂಕಲನ. ನನ್ನ ಕೆಲಸಕ್ಕೆ ನನ್ನ ಹೆಸರು ಬೇಕಿತ್ತು. ದೊಡ್ಡದು ಕೊಟ್ಟೆ ಅಂತ ನನ್ನದನ್ನ ಕಿತ್ಕೊಳ್ಳೋದಾ? ಒಂದು ಮಾತು ಕೇಳೋಕೆ ಏನಾಗಿತ್ತು ನಿಂಗೆ?"

"ಕೇಳ್ಬೇಕಿತ್ತು," ಎಂದ. "ಹೌದು. ಕೇಳ್ಬೇಕಿತ್ತು."

ಅವನು ವಾದ ಮಾಡಿದ್ದರೆ ಜಗಳ ಇನ್ನೂ ನಡೆಯುತ್ತಿತ್ತೇನೋ. ಒಪ್ಪಿಕೊಂಡವನ ಮೇಲೆ ಹೇಗೆ ಎಗರಾಡುವುದು? ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಏಳು ವರ್ಷ! ಅವಳು ಅಲ್ಲೇ ಬಿಕ್ಕಿ ಬಿಕ್ಕಿ ಅತ್ತಳು.

"ಯಾಕೆ ಹುಡುಕ್ಲಿಲ್ಲ ನನ್ನ?"

"ನೋಡಿಯೇ ಎದ್ದು ಹೋದೆ ಅನ್ಕೊಂಡಿದ್ದೆ. ನಾನು ಕೊಟ್ಟದ್ದೂ ಬೇಡ, ನಾನೂ ಬೇಡ ಅಂತ... ಬೇಡ ಅಂದವಳ ಬಾಗಿಲು ಹೇಗೆ ತಟ್ಟಲಿ ಕತ್ತರಿ?"

"ನಾನು ನಿನ್ನ ದಿನಾ ಬೈತಿದ್ದೆ. ಬೆಳಿಗ್ಗೆ ಎದ್ದ ಕೂಡ್ಲೇ ಮೊದಲು ನಿನ್ನ ಶಪಿಸ್ತಿದ್ದೆ."

"ದಿನಾ ನೆನೆಸ್ಕೊಂಡೆ ಅನ್ನು."

"ಹಲ್ಲು ಉದುರಿಸ್ತೀನಿ ನೋಡು!"

ಅಳುವಿನ ನಡುವೆಯೇ ನಗು ಬಂದುಬಿಟ್ಟಿತು. ಅವನು ಹತ್ತಿರ ಬಂದ. ಮುಟ್ಟಲಿಲ್ಲ, ಕೈಯನ್ನು ಮುಂದೆ ಚಾಚಿ ಹಾಗೇ ನಿಂತ.

"ಈ ಸಲ ಕೇಳಿಯೇ ಮಾಡ್ತೀನಿ. ನಾನು ನಿನ್ನ ಪ್ರೀತಿಸ್ತೀನಿ. ಆಗಲೂ, ಈಗಲೂ. ನಿನ್ನ ಜೊತೆ ಇರ್ಲಾ?"

ಅವಳು ಆ ಕೈಯನ್ನು ನೋಡಿದಳು. ಹಿಡಿದುಕೊಂಡಳು, ನೋಯುವಷ್ಟು ಬಿಗಿಯಾಗಿ.

"ಇರು. ಆದ್ರೆ ನನ್ನ ಸಿಟ್ಟು ಪೂರ್ತಿ ಹೋಗಿಲ್ಲ."

"ಹೋಗೋವರೆಗೂ ಇರ್ತೀನಿ."

"ಅದು ಅಷ್ಟು ಬೇಗ ಹೋಗಲ್ಲ."

"ನಂಗೂ ಅವಸರ ಇಲ್ಲ," ಎಂದ ಅವನು.